ಮೂತಿ ಇಳಿಸಿದ ಹಳೇ ಕಾರು: ಲಕ್ಷಣ ನೋಡಿ ದೋಷ ಹಿಡಿಯುವುದು ಹೇಗೆ

ಹಳೇ ಕಾರಿನ ಮೂತಿ ಒಂದೂವರೆ ಇಂಚು ಇಳಿದರೆ ಅದರ ಗತ್ತೇ ಬೇರೆ. ಆ ಗತ್ತಿನ ಹಿಂದೆಯೇ ದೂರುಗಳೂ ಬರುತ್ತವೆ. ಗುಂಡಿಯಲ್ಲಿ ದಢ್ ಅನ್ನುತ್ತದೆ, ಸ್ಟೀರಿಂಗ್ ಅತ್ತಿತ್ತ ಎಳೆಯುತ್ತದೆ, ಟೈರ್ ಒಳಗಡೆಯಿಂದ ಬೋಳಾಗುತ್ತದೆ. ಹೆಚ್ಚಿನವರು ಮೊದಲು ಬೈಯುವುದು ಹೊಸ ಸ್ಪ್ರಿಂಗನ್ನು. ಪಾಪ, ಅದರ ತಪ್ಪು ಇರುವುದು ಕಡಿಮೆ. ಗಿಡ್ಡ ಆಗಿದ್ದು ಅದೊಂದೇ. ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್, ಕೀಲುಗಳಲ್ಲಿ ಕೂರುವ ಬುಷ್, ಸ್ಟೀರಿಂಗಿನಿಂದ ಚಕ್ರ ತಿರುಗಿಸುವ ಟೈ ರಾಡ್, ಚಕ್ರ ತೀರಾ ಮೇಲೇರದ ಹಾಗೆ ತಡೆಯುವ ಬಂಪ್ ಸ್ಟಾಪ್ ಎಲ್ಲ ಇನ್ನೂ ಹಳೇ ಎತ್ತರದ ಲೆಕ್ಕದಲ್ಲೇ ಕೂತಿವೆ. ಅವುಗಳಲ್ಲಿ ಯಾವುದು ಹೊಸ ಎತ್ತರಕ್ಕೆ ಒಗ್ಗಿಲ್ಲ ಅಂತ ಹುಡುಕಬೇಕು.

ನಿಮ್ಮ ಗಾಡಿಯ ಮುಂದೆ ಏನಿದೆ ಅನ್ನುವುದು ಮೊದಲು ಗೊತ್ತಿರಲಿ. ಎಂಜಿಬಿಯಂಥ ಕಾರಿನಲ್ಲಿ ಕಾಯಿಲ್ ಸ್ಪ್ರಿಂಗ್ ಇರುತ್ತದೆ, ಲಿವರ್ ಮಾದರಿಯ ಶಾಕ್‌ನ ತೋಳೇ ಮೇಲಿನ ವಿಶ್‌ಬೋನ್ (ಚಕ್ರವನ್ನು ಚಾಸಿಗೆ ಜೋಡಿಸುವ ತೋಳು) ಆಗಿ ದುಡಿಯುತ್ತದೆ. ಮೋರಿಸ್ ಮೈನರ್‌ನಲ್ಲಿ ಉದ್ದುದ್ದ ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು. ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಅಡ್ಡ ಕೊಳವೆಯೊಳಗೆ ಪಟ್ಟಿಗಳ ಕಟ್ಟು ತಿರುಚಿಕೊಳ್ಳುತ್ತದೆ. ಬಿಎಂಡಬ್ಲ್ಯು 2002, ಮೊದಲ ಫೋರ್ಡ್ ಎಸ್ಕಾರ್ಟ್ ಮುಂತಾದವುಗಳಲ್ಲಿ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಒಂದೇ ಕಂಬದಲ್ಲಿ. 1959ರಲ್ಲಿ ಬಂದ ಮಿನಿಯಲ್ಲಿ ಸ್ಪ್ರಿಂಗಿನ ಜಾಗದಲ್ಲಿ ರಬ್ಬರ್ ಕೋನ್. ಲಕ್ಷಣ ಒಂದೇ ಆದರೂ ಕಾರಣ ಇವುಗಳಲ್ಲಿ ಬೇರೆ ಬೇರೆ ಇರಬಹುದು.

ಕೈ ಹಾಕುವ ಮೊದಲು

ಕಾಯಿಲ್ ಸ್ಪ್ರಿಂಗಿನಲ್ಲಿ ಎಷ್ಟು ಶಕ್ತಿ ಅಡಗಿರುತ್ತದೆ ಅಂತ ಒಂದು ಲೆಕ್ಕ ಹಾಕೋಣ. ಒಂದು ಮಿ.ಮೀ. ಒತ್ತಲು 60 ನ್ಯೂಟನ್ ಬೇಕಾಗುವ ಸ್ಪ್ರಿಂಗ್ ಅಂದುಕೊಳ್ಳಿ. ಅದನ್ನು 100 ಮಿ.ಮೀ. ಒತ್ತಿ ಕೂರಿಸಿದ್ದರೆ ಅದು 6000 ನ್ಯೂಟನ್ ಬಲದಿಂದ, ಅಂದರೆ ಸುಮಾರು 600 ಕೆ.ಜಿ. ಭಾರದಷ್ಟು ಒತ್ತಡದಿಂದ ತಳ್ಳುತ್ತಿರುತ್ತದೆ. ಅದರಲ್ಲಿ ತುಂಬಿರುವ ಶಕ್ತಿ 300 ಜೂಲ್. 30 ಕೆ.ಜಿ. ಕಬ್ಬಿಣ ಒಂದು ಮೀಟರ್ ಎತ್ತರದಿಂದ ಬಿದ್ದ ಹಾಗೆ. ಜಾರಿದರೆ ಕೈಬೆರಳು, ಮುಖ ಅಂತ ನೋಡುವುದಿಲ್ಲ.

ಹಾಗಾಗಿ ಇದಕ್ಕಂತಲೇ ಇರುವ ಸರಿಯಾದ ಕಂಪ್ರೆಸರ್ ಇಲ್ಲದೆ ಸ್ಪ್ರಿಂಗ್ ಬಿಚ್ಚಬೇಡಿ. ಸ್ಟ್ರಟ್ ಮೇಲಿನ ನಡುವಿನ ನಟ್ಟನ್ನು ಸ್ಪ್ರಿಂಗ್ ಒತ್ತಿ ಹಿಡಿಯದೆ ಯಾವತ್ತೂ ಸಡಿಲಿಸಬೇಡಿ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಹೋಗಬೇಡಿ; ಗಟ್ಟಿ ನೆಲ, ಎರಡು ಸ್ಟ್ಯಾಂಡ್, ಹಿಂದಿನ ಚಕ್ರಕ್ಕೆ ಅಡ್ಡಗಟ್ಟೆ ಇರಲೇಬೇಕು. ಟಾರ್ಷನ್ ಬಾರ್ ನೋಡಲು ಸುಮ್ನೆ ಒಂದು ಸರಳಿನ ಹಾಗೆ ಕಾಣುತ್ತದೆ. ತಿರುಚಿದ ಸ್ಥಿತಿಯಲ್ಲಿ ಅದೂ ಅಷ್ಟೇ ಅಪಾಯ.

ಕೆಳಗಿನ ಯಾವುದೇ ಒಂದು ಕಂಡರೂ ಗಾಡಿ ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ: ಬ್ರೇಕ್ ಹೋಸ್ ಉಜ್ಜಿ ಒಳಗಿನ ನೂಲು ಕಾಣುತ್ತಿದೆ, ಚಕ್ರ ತೂಗುಬಿಟ್ಟಾಗ ಸ್ಪ್ರಿಂಗ್ ಕೈಯಲ್ಲೇ ಅಲುಗಾಡುತ್ತದೆ, ಬಾಲ್ ಜಾಯಿಂಟ್‌ನಲ್ಲಿ (ತೋಳಿನ ತುದಿಯ ಗುಂಡು ಕೀಲು) ಕಣ್ಣಿಗೆ ಕಾಣುವಷ್ಟು ಆಟ, ಅಂದರೆ ಸಡಿಲ ಇದೆ, ಸ್ಟೀರಿಂಗ್ ಯಾವುದೋ ಒಂದು ಜಾಗದಲ್ಲಿ ಹಿಡಿದುಕೊಳ್ಳುತ್ತದೆ, ಸ್ಪ್ರಿಂಗ್ ಕೂರುವ ಜಾಗದ ತಗಡು ತುಕ್ಕು ತಿಂದು ಬಿರುಕು ಬಿಟ್ಟಿದೆ. ಇವುಗಳಲ್ಲಿ "ಗ್ಯಾರೇಜ್‌ವರೆಗೆ ಮೆಲ್ಲಗೆ ಹೋಗೋಣ" ಅನ್ನುವ ಮಾತೇ ಇಲ್ಲ. ಇನ್ನೊಂದು ಗಾಡಿ ಮೇಲೆ ಹೇರಿಕೊಂಡು ಹೋಗಿ.

ಮೊದಲು ಟೇಪು, ಆಮೇಲೆ ಸ್ಪ್ಯಾನರ್

ಅಳತೆ ಇಲ್ಲದೆ ದೋಷ ಹುಡುಕುವುದು ಕತ್ತಲಲ್ಲಿ ತಡಕಾಡಿದ ಹಾಗೆ. ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸಿ. ನಾಲ್ಕೂ ಟೈರಿನ ಗಾಳಿ ಸರಿಮಾಡಿ. ಬಾನೆಟ್ ಮೇಲೆ ಕೈಯಿಟ್ಟು ಮೂತಿಯನ್ನು ನಾಲ್ಕಾರು ಸಲ ಒತ್ತಿ ಬಿಡಿ, ಒಂದೆರಡು ಮೀಟರ್ ಹಿಂದೆ ಮುಂದೆ ಉರುಳಿಸಿ. ಜಾಕ್‌ನಿಂದ ಇಳಿಸಿದ ಕೂಡಲೇ ಟೈರುಗಳು ಒಳಕ್ಕೆ ಎಳೆದುಕೊಂಡು ನಿಂತಿರುತ್ತವೆ. ಉರುಳಿಸದೆ ಅಳೆದರೆ ಆ ಅಳತೆ ಸುಳ್ಳು.

ಆಮೇಲೆ ಚಕ್ರದ ನಟ್ಟನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆದು ಬರೆದಿಡಿ. ನೆಲದಿಂದ ಅಳೆಯಬೇಡಿ, ಟೈರಿನ ಸವೆತ, ಗಾಳಿ ಎಲ್ಲ ಅದರಲ್ಲಿ ಸೇರಿಕೊಳ್ಳುತ್ತದೆ. ಜೊತೆಗೆ ಕೆಳಗಿನ ತೋಳು ಯಾವ ಕಡೆಗೆ ಓರೆಯಾಗಿದೆ ಅಂತ ಪಕ್ಕದಲ್ಲಿ ಕೂತು ನೋಡಿ. ಚಾಸಿ ಕಡೆಯ ತುದಿ ಮೇಲಿದ್ದು ಚಕ್ರದ ಕಡೆಯ ತುದಿ ಕೆಳಗಿದ್ದರೆ ಒಳ್ಳೆಯದು. ಎರಡೂ ಸಮ ಇದ್ದರೆ ನೀವು ಗಡಿಯಲ್ಲಿದ್ದೀರಿ. ಚಕ್ರದ ಕಡೆಯದೇ ಮೇಲಿದ್ದರೆ, ಈ ಬರಹದ ಅರ್ಧಕ್ಕರ್ಧ ಲಕ್ಷಣಗಳು ನಿಮ್ಮ ಗಾಡಿಯಲ್ಲೇ ಸಿಗುತ್ತವೆ.

"ಇಳಿಸಿದೆ, ಆದರೆ ಗಾಡಿ ಇಳಿದೇ ಇಲ್ಲ"

ಹೊಸ ಸ್ಪ್ರಿಂಗ್ ಹಾಕಿದ ಮೇಲೂ ಮೂತಿ ಹಳೇ ಎತ್ತರದಲ್ಲೇ ನಿಂತಿದ್ದರೆ, ನಾನು ಮೊದಲು ಕೇಳುವ ಪ್ರಶ್ನೆ ಒಂದೇ. ವಿಶ್‌ಬೋನ್ ಬೋಲ್ಟುಗಳನ್ನು ಯಾವಾಗ ಬಿಗಿ ಮಾಡಿದಿರಿ? ಹತ್ತರಲ್ಲಿ ಎಂಟು ಮಂದಿ ಗಾಡಿ ಜಾಕ್ ಮೇಲಿದ್ದಾಗಲೇ, ಚಕ್ರ ತೂಗುತ್ತಿದ್ದಾಗಲೇ ಬಿಗಿದಿರುತ್ತಾರೆ.

ಹಳೇ ಮಾದರಿಯ ರಬ್ಬರ್ ಬುಷ್ ಬೇರಿಂಗಿನ ಹಾಗೆ ತಿರುಗುವುದಿಲ್ಲ. ಹೊರಗಿನ ಕೊಳವೆ ತೋಳಿಗೆ ಕಚ್ಚಿಕೊಂಡಿರುತ್ತದೆ, ಒಳಗಿನ ಕೊಳವೆ ಬೋಲ್ಟಿನ ಬಿಗಿಗೆ ಚಾಸಿಗೆ ಕಚ್ಚಿಕೊಳ್ಳುತ್ತದೆ. ನಡುವಿನ ರಬ್ಬರ್ ತಿರುಚಿಕೊಂಡೇ ತೋಳು ಆಡಬೇಕು. ತೋಳು ಕೆಳಗೆ ಜೋತಾಡುವಾಗ ಬಿಗಿದರೆ, ಗಾಡಿ ನೆಲಕ್ಕೆ ಬಂದಾಗ ಆ ರಬ್ಬರ್ ಆಗಲೇ ತಿರುಚಿಕೊಂಡಿರುತ್ತದೆ. ಅದು ಇನ್ನೊಂದು ಸ್ಪ್ರಿಂಗಿನ ಹಾಗೆ ಮೂತಿಯನ್ನು ಮೇಲಕ್ಕೆ ಹಿಡಿಯುತ್ತದೆ. ಕೆಲವು ತಿಂಗಳಲ್ಲಿ ಹರಿದೂ ಹೋಗುತ್ತದೆ. ಆಗ ಗಾಡಿ ತಾನಾಗಿ ಇಳಿಯುತ್ತದೆ, ಮಾಲೀಕರು "ಸ್ಪ್ರಿಂಗ್ ಈಗ ಕೂತುಕೊಂಡಿತು" ಅಂತ ಖುಷಿಪಡುತ್ತಾರೆ!

ಪರಿಹಾರಕ್ಕೆ ಖರ್ಚೇ ಇಲ್ಲ. ಚಕ್ರಗಳು ಭಾರ ಹೊತ್ತು ನಿಂತಿರುವಾಗ, ಅಂದರೆ ರ‍್ಯಾಂಪ್ ಅಥವಾ ಗಾಡಿಯ ಕೆಳಗೆ ಇಳಿದು ಕೆಲಸ ಮಾಡಲು ಗುಂಡಿ ತೋಡಿರುವ ಜಾಗದಲ್ಲಿ, ಬುಷ್‌ಗಳ ಬೋಲ್ಟನ್ನು ಸಡಿಲಿಸಿ. ಗಾಡಿಯನ್ನು ಒತ್ತಿ ಬಿಡಿ, ಉರುಳಿಸಿ, ಆಮೇಲೆ ತಯಾರಕರು ಹೇಳಿದ ಟಾರ್ಕ್‌ಗೆ ಬಿಗಿಯಿರಿ. ಎತ್ತರ ಮತ್ತೆ ಅಳೆಯಿರಿ. ಪಾಲಿಯುರೆಥೇನ್ ಬುಷ್ ಹೆಚ್ಚಿನವು ಒಳಗಿನ ಕೊಳವೆಯ ಸುತ್ತ ಜಾರುತ್ತವೆ. ಅವುಗಳಿಗೆ ಈ ತೊಂದರೆ ಬಹಳ ಕಡಿಮೆ.

ಅದಾದ ಮೇಲೂ ಇಳಿಯದಿದ್ದರೆ ಸ್ಪ್ರಿಂಗಿನ ಮೇಲೆ ಕೆಳಗೆ ಎಷ್ಟು ಪ್ಯಾಡ್ ಇವೆ ನೋಡಿ. ಹಿಂದಿನ ಮಾಲೀಕರು ಮೂತಿ ಏರಿಸಲು ಎರಡು ಪ್ಯಾಡ್ ಹಾಕಿ ಮರೆತಿರಬಹುದು. ಮಿನಿಯಲ್ಲಿ ಹೊಸ ರಬ್ಬರ್ ಕೋನ್ ಹಾಕಿದ್ದರೆ ಕೆಲ ಕಾಲ ಓಡಿಸಿ ನೋಡಿ. ಹೊಸ ಕೋನ್ ಭಾರಕ್ಕೆ ಕೂರಲು ಸಮಯ ಬೇಕು. ಮೊದಲ ದಿನವೇ ಎತ್ತರ ಹೊಂದಿಸಿದರೆ ಆಮೇಲೆ ತೀರಾ ಕೆಳಗಾಗುತ್ತದೆ.

ಉಲ್ಟಾ ದೂರೂ ಉಂಟು: "ಒಂದಿಂಚು ಇಳಿಯಲಿ ಅಂತ ಸ್ಪ್ರಿಂಗ್ ಕತ್ತರಿಸಿದೆ, ಎರಡಿಂಚು ಇಳಿಯಿತು". ಸ್ಪ್ರಿಂಗ್ ತೋಳಿನ ನಟ್ಟನಡುವೆ ಕೂತಿದ್ದರೆ, ಸ್ಪ್ರಿಂಗಿನ ಬಳಿ 10 ಮಿ.ಮೀ. ಅಂದರೆ ಚಕ್ರದ ಬಳಿ ಸುಮಾರು 20 ಮಿ.ಮೀ. ಈ ಲೆಕ್ಕ ಹಾಕದೆ ಕತ್ತರಿಸಿದವರಿಗೆ ಹೀಗೇ ಆಗುವುದು. ಮಿನಿಯ ಎತ್ತರ ಹೊಂದಿಸುವ ತಿರುಪಿನಲ್ಲೂ ಹಾಗೇ, ಅಲ್ಲಿ ಚೂರು ತಿರುಗಿಸಿದರೆ ಚಕ್ರದ ಬಳಿ ಅದರ ಹಲವು ಪಟ್ಟು.

"ಒಂದು ಕಡೆ ವಾಲಿ ನಿಂತಿದೆ"

ಮೊದಲು ನೆಲವನ್ನೇ ಅನುಮಾನಿಸಿ. ಗಾಡಿಯನ್ನು ಅದೇ ಜಾಗದಲ್ಲಿ ತಿರುಗಿಸಿ, ಮುಖ ಆ ಕಡೆ ಮಾಡಿ ನಿಲ್ಲಿಸಿ ನೋಡಿ. ಮೊದಲು ಎಡಕ್ಕೆ ವಾಲಿದ್ದ ಗಾಡಿ ಈಗ ಬಲಕ್ಕೆ ವಾಲಿದರೆ ತಪ್ಪು ನೆಲದ್ದು. ಪೆಟ್ರೋಲ್ ಟ್ಯಾಂಕ್, ಬ್ಯಾಟರಿ ಯಾವ ಬದಿಗಿವೆ ಅಂತಲೂ ನೋಡಿ. ಎಡ ಬಲಕ್ಕೆ ನಾಲ್ಕೈದು ಮಿ.ಮೀ. ವ್ಯತ್ಯಾಸ ಹಳೇ ಕಾರಿನಲ್ಲಿ ಸಾಮಾನ್ಯ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಮುಂದಿನ ಪರೀಕ್ಷೆಯನ್ನು ಜಾಸ್ತಿ ಜನ ಮಾಡುವುದೇ ಇಲ್ಲ. ಮುಂದೆ ಕಾಣುವ ವಾಲು ಹಿಂದಿನಿಂದ ಬಂದಿರಬಹುದು. ಹಿಂದೆ ಇಡೀ ಆಕ್ಸಲ್ ಇರುವ ಗಾಡಿಯಾದರೆ, ಡಿಫರೆನ್ಷಿಯಲ್ ಕೆಳಗೆ ಸರಿಯಾಗಿ ನಡುವೆ ಜಾಕ್ ಇಟ್ಟು ಹಿಂದಿನ ಚಕ್ರಗಳು ನೆಲ ಬಿಡುವಷ್ಟೇ ಎತ್ತಿ. ಮುಂದಿನ ಚಕ್ರಗಳಿಗೆ ಅಡ್ಡಗಟ್ಟೆ ಇರಲಿ, ಯಾರೂ ಕೆಳಗೆ ಹೋಗುವುದು ಬೇಡ. ಈಗ ಹಿಂಭಾಗ ಒಂದೇ ಬಿಂದುವಿನ ಮೇಲೆ ನಿಂತಿದೆ, ಎಡ ಬಲ ಹಿಡಿಯುವ ಶಕ್ತಿ ಅದಕ್ಕಿಲ್ಲ. ಮೂತಿ ಈಗಲೂ ವಾಲಿದ್ದರೆ ದೋಷ ಮುಂದೆ. ಮೂತಿ ನೇರವಾಗಿಬಿಟ್ಟರೆ ಹಿಂದಿನ ಪಟ್ಟಿ ಸ್ಪ್ರಿಂಗ್ ಒಂದು ಬದಿ ಸೋತಿದೆ ಅಂತ ಅರ್ಥ.

ದೋಷ ಮುಂದೆಯೇ ಇದೆ ಅಂತಾದರೆ, ಎಡ ಬಲದ ತೋಳುಗಳನ್ನು ಜೋಡಿಸಿ ತಿರುವಿನಲ್ಲಿ ವಾಲುವುದನ್ನು ತಡೆಯುವ ಆ್ಯಂಟಿ-ರೋಲ್ ಬಾರ್‌ನ ಒಂದು ಕಡೆಯ ಲಿಂಕ್ ಬಿಚ್ಚಿ. ಬಾರ್ ಎಳೆದುಕೊಂಡು ಕೂತಿದ್ದರೆ ಗಾಡಿ ತಕ್ಷಣ ಸಮ ಆಗುತ್ತದೆ. ಆಮೇಲೆ ಟಾರ್ಚ್ ಹಿಡಿದು ಸ್ಪ್ರಿಂಗಿನ ತುದಿ ನೋಡಿ. ಕಾಯಿಲ್‌ನ ಕೊನೆ, ಅದಕ್ಕಂತ ಮಾಡಿರುವ ಗುಳಿಯಲ್ಲಿ ಕೂತಿರಬೇಕು. ಗುಳಿಯಿಂದ ಆಚೆ ತಿರುಗಿ ಕೂತಿದ್ದರೆ ಆ ಬದಿ ತಂತಿಯ ದಪ್ಪದಷ್ಟು ಎತ್ತರವಾಗುತ್ತದೆ. ಕತ್ತರಿಸಿದ ಸ್ಪ್ರಿಂಗ್‌ಗಳಲ್ಲಿ ಇದು ಬಹಳ ಸಾಮಾನ್ಯ. ಕಾರ್ಖಾನೆಯಲ್ಲಿ ತುದಿಯನ್ನು ಚಪ್ಪಟೆಯಾಗಿ ಅರೆದು ಮಾಡಿದ ಸ್ಪ್ರಿಂಗನ್ನು ಕತ್ತರಿಸಿದರೆ, ಹೊಸ ತುದಿ ಪೀಠದ ಮೇಲೆ ಓರೆಯಾಗಿ ಕೂರುತ್ತದೆ. ಗ್ಯಾಸ್ ಕಟರ್‌ನಿಂದ ಕತ್ತರಿಸಿದ್ದರೆ ಇನ್ನೂ ಕೆಟ್ಟದ್ದು. ಬಿಸಿ ತಾಗಿದ ಕಡೆ ಉಕ್ಕಿನ ಹದ ಹೋಗುತ್ತದೆ, ಒಂದೋ ಕುಸಿಯುತ್ತದೆ, ಇಲ್ಲವೇ ಅಲ್ಲೇ ಮುರಿಯುತ್ತದೆ. ತುದಿಯಲ್ಲಿ ನೀಲಿ ಬಣ್ಣದ ಪಟ್ಟೆ ಕಂಡರೆ ಆ ಜೋಡಿಯನ್ನು ಗುಜರಿಗೆ ಹಾಕಿ.

ಕೊನೆಯ ಪರೀಕ್ಷೆ ಶ್ರಮದ್ದು. ಎಡ ಬಲದ ಸ್ಪ್ರಿಂಗುಗಳನ್ನು ಅದಲು ಬದಲು ಮಾಡುವುದು. ವಾಲು ಬದಿ ಬದಲಿಸಿದರೆ ಸ್ಪ್ರಿಂಗ್ ತಪ್ಪು, ಬದಲಿಸದಿದ್ದರೆ ತೋಳು ಅಥವಾ ಚಾಸಿ ಬಾಗಿದೆ. ಟಾರ್ಷನ್ ಬಾರ್‌ಗೆ ಈ ಪರೀಕ್ಷೆ ಬೇಡವೇ ಬೇಡ! ಅನೇಕ ಬಾರ್‌ಗಳನ್ನು ಒಂದೇ ದಿಕ್ಕಿಗೆ ತಿರುಚಿಕೊಳ್ಳಲು ಹದ ಮಾಡಿರುತ್ತಾರೆ. ಎಡದ್ದು ಬಲಕ್ಕೆ ಹೋದರೆ ಬೇಗ ಮುರಿಯುತ್ತದೆ. ತುದಿಯಲ್ಲಿ ಬಾಣದ ಗುರುತೋ ಎಡ ಬಲದ ಅಕ್ಷರವೋ ಇದೆಯಾ ನೋಡಿ. ಬಾರ್ ಮೈಮೇಲೆ ಸ್ಪ್ಯಾನರ್ ತಾಗಿ ಗೀರಿದ್ದರೂ ಬದಲಿಸಿ. ಬಿರುಕು ಶುರುವಾಗುವುದು ಅಂಥ ಗೀರಿನಿಂದಲೇ. ಚಾಸಿ ಬಾಗಿರುವ ಅನುಮಾನ ಬಂದರೆ ಮುಂದಿನ ಕೆಲಸ ಚಾಸಿ ಅಳೆಯುವ ಬೆಂಚ್ ಇರುವವರದ್ದು.

"ಗುಂಡಿಯಲ್ಲಿ ದಢ್ ಅನ್ನುತ್ತದೆ"

ಒಂದು ಕಾರಿನ ಮುಂದಿನ ಚಕ್ರಕ್ಕೆ ಮೂಲದಲ್ಲಿ ಮೇಲಕ್ಕೆ ಹೋಗಲು 75 ಮಿ.ಮೀ. ಜಾಗ ಇತ್ತು ಅಂದುಕೊಳ್ಳಿ. ನೀವು 40 ಇಳಿಸಿದಿರಿ. ಉಳಿದದ್ದು 35. ಮೊದಲು 75ರಲ್ಲಿ ನುಂಗುತ್ತಿದ್ದ ಅದೇ ಗುಂಡಿಯನ್ನು ಈಗ 35ರಲ್ಲಿ ನುಂಗಬೇಕು. ಹಾಗಾಗಿ ಇಳಿಸುವ ಸ್ಪ್ರಿಂಗ್ ಗಟ್ಟಿಯೂ ಆಗಿರಲೇಬೇಕು. ಕಾಯಿಲ್ ಕತ್ತರಿಸಿದಾಗ ಗಟ್ಟಿತನ ತಾನಾಗಿ ಸ್ವಲ್ಪ ಏರುತ್ತದೆ. ಎಂಟು ಸುತ್ತಿನಲ್ಲಿ ಒಂದು ತೆಗೆದರೆ ಸುಮಾರು 14 ಶೇಕಡಾ. ಮೇಲಿನ ಉದಾಹರಣೆಯ ಕಾರಿಗೆ ಅಷ್ಟು ಎಲ್ಲಿ ಸಾಕು? ಟಾರ್ಷನ್ ಬಾರನ್ನು ಅದರ ತುದಿಯ ಹಲ್ಲುಗಳು ಕೂರುವ ಜಾಗ ಬದಲಿಸಿ ಇಳಿಸಿದರಂತೂ ಗಟ್ಟಿತನ ಏರುವುದೇ ಇಲ್ಲ, ಎತ್ತರ ಮಾತ್ರ ಇಳಿಯುತ್ತದೆ.

ಸದ್ದಿಗೆ ಕಿವಿ ಕೊಡಿ. ಮಂದವಾದ 'ದಬ್' ಅಂದರೆ ಬಂಪ್ ಸ್ಟಾಪ್ ರಬ್ಬರಿಗೆ ಬಡಿಯುತ್ತಿದೆ. 'ಠಣ್' ಅನ್ನುವ ಲೋಹದ ಸದ್ದಾದರೆ ಶಾಕ್ ಒಳಗೇ ಕೊನೆ ಮುಟ್ಟುತ್ತಿದೆ, ಅದು ತುರ್ತು.

ಕಣ್ಣಾರೆ ನೋಡಬೇಕಾ? ಬಂಪ್ ಸ್ಟಾಪ್ ಬಡಿಯುವ ಜಾಗಕ್ಕೆ ಮಕ್ಕಳ ಜೇಡಿಮಣ್ಣಿನ ಒಂದು ಉಂಡೆ ಅಂಟಿಸಿ. ಕೊಳವೆ ಮಾದರಿಯ ಶಾಕ್ ಆದರೆ ಅದರ ಹೊಳೆಯುವ ದಂಡಕ್ಕೆ ಒಂದು ಕೇಬಲ್ ಟೈ ಕಟ್ಟಿ, ಕೆಳಕ್ಕೆ ಸರಿಸಿ, ಮಾಮೂಲಿ ದಾರಿಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಟೈ ಎಲ್ಲಿಗೆ ಸರಿದಿದೆಯೋ ಅಲ್ಲಿಯವರೆಗೆ ಶಾಕ್ ಒತ್ತಿಕೊಂಡಿದೆ. ಟೈ ಮೇಲಿನ ಕೊನೆಗೇ ಹೋಗಿ ಕೂತಿದ್ದು, ಜೇಡಿಮಣ್ಣು ಮಾತ್ರ ದುಂಡಗೆ ಹಾಗೇ ಇದ್ದರೆ, ಬಂಪ್ ಸ್ಟಾಪ್ ಮುಟ್ಟುವ ಮೊದಲೇ ಶಾಕ್ ಮುಗಿಯುತ್ತಿದೆ. ಈ ಸ್ಥಿತಿಯಲ್ಲಿ ಶಾಕ್ ಒಳಗಿನ ವಾಲ್ವ್ ಒಡೆಯುತ್ತದೆ, ಕೆಲವೊಮ್ಮೆ ಅದನ್ನು ಹಿಡಿದಿರುವ ಕೊಂಡಿಯೇ ಕಿತ್ತುಬರುತ್ತದೆ. ಪರಿಹಾರ ಒಂದೇ: ಇಳಿಸಿದ ಎತ್ತರಕ್ಕೆ ಹೊಂದುವ ಗಿಡ್ಡ ಶಾಕ್.

ಸದ್ದು ಬರುತ್ತದೆ ಅಂತ ಬಂಪ್ ಸ್ಟಾಪನ್ನೇ ಕಿತ್ತು ಬಿಸಾಡುವವರಿದ್ದಾರೆ. ಆಗ ಸದ್ದು ನಿಲ್ಲುತ್ತದೆ ನಿಜ, ಆದರೆ ಆಮೇಲೆ ಚಕ್ರವನ್ನು ತಡೆಯಬೇಕಾದದ್ದು ಶಾಕ್ ಇಲ್ಲವೇ ಮಡ್‌ಗಾರ್ಡ್. ಗಿಡ್ಡದಾದ, ಮೆಲ್ಲಮೆಲ್ಲನೆ ಗಟ್ಟಿಯಾಗುವ ಬಂಪ್ ಸ್ಟಾಪ್ ಸಿಗುತ್ತವೆ, ಅವನ್ನು ಹಾಕಿ.

ದಢ್ ಬದಲು ಗಾಡಿ ಕುಣಿಯುತ್ತಾ ಹೋದರೆ ಹಳೇ ಶಾಕ್ ಹೊಸ ಗಟ್ಟಿ ಸ್ಪ್ರಿಂಗನ್ನು ಹಿಡಿಯಲು ಸೋಲುತ್ತಿದೆ. ಮೂಲೆ ಒತ್ತಿ ಬಿಟ್ಟಾಗ ಒಂದು ಸಲ ಮೇಲೆದ್ದು ನಿಲ್ಲಬೇಕು. ಎರಡು ಮೂರು ಸಲ ತೂಗಿದರೆ ಶಾಕ್ ಮುಗಿದಿದೆ. ಲಿವರ್ ಮಾದರಿಯದಾದರೆ ಬದಲಿಸುವ ಮೊದಲು ಅದರ ಎಣ್ಣೆ ನೋಡಿ. ಮುಚ್ಚಳದ ಸುತ್ತ ಒರೆಸಿ, ಧೂಳು ಒಳಗೆ ಬೀಳದ ಹಾಗೆ ಬಿಚ್ಚಿ, ಅದಕ್ಕಂತಲೇ ಇರುವ ಎಣ್ಣೆ ತುಂಬಿಸಿ. ಎರಡು ವಾರದಲ್ಲಿ ಮತ್ತೆ ಖಾಲಿ ಆದರೆ ದಂಡದ ಸೀಲ್ ಹೋಗಿದೆ, ಅದು ರಿಪೇರಿಯವರ ಕೆಲಸ.

"ಟಕ್, ಟಕ್ ಅಂತ ಸದ್ದು"

ಸ್ಪೀಡ್ ಬ್ರೇಕರ್ ಇಳಿಯುವಾಗ, ಚಕ್ರ ಕೆಳಗೆ ಜೋತು ಬೀಳುವ ಹೊತ್ತಿಗೆ ಸದ್ದು ಬಂದರೆ ಸ್ಪ್ರಿಂಗ್ ಸಡಿಲವಾಗುತ್ತಿದೆ. ಗಾಡಿಯನ್ನು ಚಾಸಿಯಡಿ ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿ, ಚಕ್ರ ಪೂರ್ತಿ ತೂಗಲಿ. ಬೆರಳನ್ನು ಸುರುಳಿಗಳ ನಡುವೆ ಹಾಕದೆ, ಹೊರಗಿನಿಂದ ಸ್ಪ್ರಿಂಗನ್ನು ತಳ್ಳಿ ನೋಡಿ. ಅಲುಗಾಡಿದರೆ ಶಾಕ್ ಉದ್ದ ಜಾಸ್ತಿ, ಸ್ಪ್ರಿಂಗ್ ಗಿಡ್ಡ. ಚಾಲನೆಯಲ್ಲೇ ಜಾಗ ಬಿಟ್ಟು ಬರಬಹುದು. ತಂತಿ ಕಟ್ಟಿ ಹಿಡಿಸುವ ಉಪಾಯ ಬೇಡ. ಮಿನಿಯಲ್ಲಿ ಇದರ ತಮ್ಮನಂಥ ದೋಷವೊಂದಿದೆ: ಗಾಡಿ ಎತ್ತಿದಾಗ ಕೋನ್ ಕೆಳಗಿನ ಗುಂಡು ತುದಿ ತನ್ನ ಕಪ್‌ನಿಂದ ಆಚೆ ಬಂದು, ಇಳಿಸಿದಾಗ ವಾರೆಯಾಗಿ ಕೂತುಬಿಡುತ್ತದೆ.

ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ 'ಟಂಯ್' ಅಂತ ತಂತಿ ಮೀಟಿದ ಸದ್ದು ಬಂದರೆ ಸ್ಟ್ರಟ್ ಮೇಲಿನ ಬೇರಿಂಗ್ ಹಿಡಿದುಕೊಂಡಿದೆ. ಬಾನೆಟ್ ಎತ್ತಿ ಇನ್ನೊಬ್ಬರ ಕೈಲಿ ಸ್ಟೀರಿಂಗ್ ತಿರುಗಿಸಿ. ಮೇಲಿನ ಮೌಂಟ್ ತಡೆತಡೆದು ಜಿಗಿಯುವುದು ಕಣ್ಣಿಗೇ ಕಾಣುತ್ತದೆ.

ಬ್ರೇಕ್ ಹಾಕಿದಾಗ, ಬಿಟ್ಟಾಗ ಒಂದೊಂದು ಸಲ ಟಕ್ ಅಂದರೆ ಬುಷ್ ಅಥವಾ ಬಾಲ್ ಜಾಯಿಂಟ್. ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ; ಆಮೇಲೆ ಎಡ ಬಲ ಹಿಡಿದು ಅಲ್ಲಾಡಿಸಿ. ಎಡ ಬಲದಲ್ಲಿ ಮಾತ್ರ ಆಟ ಇದ್ದರೆ ಟೈ ರಾಡ್. ಮೇಲೆ ಕೆಳಗೂ ಇದ್ದರೆ ಚಕ್ರದ ಬೇರಿಂಗ್, ಕಿಂಗ್‌ಪಿನ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಪಿನ್) ಅಥವಾ ಬಾಲ್ ಜಾಯಿಂಟ್. ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿದಾಗ ಆಟ ಮಾಯವಾದರೆ ಬೇರಿಂಗ್. ಬಾಲ್ ಜಾಯಿಂಟ್ ಪರೀಕ್ಷೆಯಲ್ಲಿ ಒಂದು ಸೂಕ್ಷ್ಮ ಇದೆ. ಸ್ಪ್ರಿಂಗ್ ಕೆಳಗಿನ ತೋಳಿನ ಮೇಲೆ ಕೂತಿದ್ದರೆ ಜಾಕನ್ನು ಆ ತೋಳಿನ ಕೆಳಗೇ, ಚಕ್ರದ ಹತ್ತಿರ ಇಡಬೇಕು. ಆಗಷ್ಟೇ ಜಾಯಿಂಟ್ ಮೇಲಿನ ಭಾರ ಇಳಿದು ಆಟ ಗೊತ್ತಾಗುತ್ತದೆ. ಮೊದಲ ತಲೆಮಾರಿನ ಫೋರ್ಡ್ ಮಸ್ಟಾಂಗ್‌ನಂಥ ಕಾರಿನಲ್ಲಿ ಸ್ಪ್ರಿಂಗ್ ಮೇಲಿನ ತೋಳಿನ ಮೇಲಿದೆ. ಅಲ್ಲಿ ಮೇಲಿನ ತೋಳಿನ ಕೆಳಗೆ ಮರದ ತುಂಡು ಕೊಟ್ಟು, ಚಾಸಿಯಡಿ ಎತ್ತಬೇಕು.

ಕಿರಕಿರ, ಕಿಂಯ್ ಸದ್ದು ಅಷ್ಟು ದೊಡ್ಡ ವಿಷಯ ಅಲ್ಲ. ಪಾಲಿಯುರೆಥೇನ್ ಬುಷ್‌ಗೆ ಅದರ ಗ್ರೀಸ್ ಹಚ್ಚಿದರೆ ಹೋಗುತ್ತದೆ.

"ಟೈರ್ ಉಜ್ಜುತ್ತದೆ"

ಮಡ್‌ಗಾರ್ಡ್ ಒಳಗೆಲ್ಲ ಸೀಮೆಸುಣ್ಣ ಬಳಿದು ಓಡಿಸಿ. ಎಲ್ಲಿ ಅಳಿಸಿದೆಯೋ ಅಲ್ಲಿ ಮುಟ್ಟುತ್ತಿದೆ. ಹೊರ ಅಂಚಿನಲ್ಲಿ ಅಳಿಸಿದ್ದರೆ ಟೈರ್ ಅಗಲ ಅಥವಾ ರಿಮ್ಮಿನ ಆಫ್‌ಸೆಟ್ (ರಿಮ್ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಅನ್ನುವುದು) ತಪ್ಪು, ಇಳಿಸಿದ್ದು ಅದನ್ನು ಬಯಲು ಮಾಡಿದೆ ಅಷ್ಟೇ. ಒಳಗೆ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಮುಟ್ಟಿದರೆ ಆ್ಯಂಟಿ-ರೋಲ್ ಬಾರ್ ಅಥವಾ ತೋಳು. ಸ್ಟೀರಿಂಗ್ ಸ್ಟಾಪ್ ಹೊಂದಿಸಲು ಬರುತ್ತದಾ ನೋಡಿ.

ಇಲ್ಲಿ ಟೈರಿಗಿಂತ ಬ್ರೇಕ್ ಹೋಸ್ ಮುಖ್ಯ. ಎತ್ತರ ಬದಲಾದಾಗ ಹೋಸ್ ಬಾಗುವ ರೀತಿಯೂ ಬದಲಾಗುತ್ತದೆ. ಚಕ್ರ ಪೂರ್ತಿ ಮೇಲೆ, ಪೂರ್ತಿ ಕೆಳಗೆ, ಎರಡೂ ಸ್ಥಿತಿಯಲ್ಲಿ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ. ಹೋಸ್ ಟೈರಿಗೋ ಸ್ಪ್ರಿಂಗಿಗೋ ತಾಗುವಂತಿಲ್ಲ, ಬಿಗಿದು ಎಳೆಯುವಂತೆಯೂ ಇಲ್ಲ.

"ಸ್ಟೀರಿಂಗ್ ನಿಲ್ಲುವುದಿಲ್ಲ, ಹರಿದಾಡುತ್ತದೆ"

ಇದರಲ್ಲಿ ಎರಡು ಬೇರೆ ಬೇರೆ ದೂರುಗಳಿವೆ. ನುಣುಪಾದ ದಾರಿಯಲ್ಲೂ ಅಲೆಯುತ್ತದಾ? ಅಥವಾ ಉಬ್ಬು ತಗ್ಗು ಸಿಕ್ಕಾಗ ಮಾತ್ರ ಕೈಯಿಂದ ಕಿತ್ತುಕೊಳ್ಳುತ್ತದಾ?

ನುಣುಪು ದಾರಿಯಲ್ಲೂ ಅಲೆದರೆ, ಟೈರಿನ ಗಾಳಿ ನೋಡಿದ ಮೇಲೆ ಟೋ ಅಳೆಯಿರಿ, ಅಂದರೆ ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮುಂದಿನ ಅಂಚು ಎಷ್ಟು ಒಳಕ್ಕೋ ಹೊರಕ್ಕೋ ತಿರುಗಿದೆ ಅಂತ. ಎತ್ತರ ಬದಲಾದರೆ ಟೋ ಬದಲಾಗದೆ ಇರುವುದು ಅಪರೂಪ. ಅದು ಸರಿ ಇದ್ದರೆ ಕ್ಯಾಸ್ಟರ್, ಅಂದರೆ ಸ್ಟೀರಿಂಗ್ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ, ಅನುಮಾನಿಸಿ. ಮುಂದಿನ ಹಿಂದಿನ ಚಕ್ರಗಳ ನಡುವೆ 2300 ಮಿ.ಮೀ. ಇರುವ ಕಾರಿನ ಮೂತಿ ಮಾತ್ರ 40 ಮಿ.ಮೀ. ಇಳಿಸಿದರೆ ಇಡೀ ಬಾಡಿ ಸುಮಾರು 1 ಡಿಗ್ರಿ ಮುಂದಕ್ಕೆ ಬಾಗುತ್ತದೆ. ಸ್ಟೀರಿಂಗ್ ತಿರುಗುವ ಅಕ್ಷವೂ ಅಷ್ಟೇ ಮುಂದಕ್ಕೆ ಬಾಗಿ, ಹೆಚ್ಚುಕಡಿಮೆ 1 ಡಿಗ್ರಿ ಕ್ಯಾಸ್ಟರ್ ಹೋಯಿತು. ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವ ಗುಣ ಕ್ಯಾಸ್ಟರ್‌ನಿಂದಲೇ ಬರುವುದು. ಬೀಟಲ್‌ನಲ್ಲಿ ಇದು ಎದ್ದು ಕಾಣುತ್ತದೆ. ಅದಕ್ಕೇ ಮೂತಿ ಇಳಿಸಿದ ಬೀಟಲ್‌ಗಳಿಗೆ ಕೆಳಗಿನ ಅಡ್ಡ ಕೊಳವೆಯ ಹಿಂದೆ ಶಿಮ್ (ತೆಳು ಲೋಹದ ಬಿಲ್ಲೆ) ಕೊಟ್ಟು ಕ್ಯಾಸ್ಟರ್ ವಾಪಸ್ ತರುತ್ತಾರೆ. ಬೇರೆ ಗಾಡಿಗಳಲ್ಲಿ ಹಿಂಭಾಗವನ್ನೂ ಸ್ವಲ್ಪ ಇಳಿಸಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಉಬ್ಬಿನಲ್ಲಿ ಮಾತ್ರ ಕಿತ್ತುಕೊಂಡರೆ ಅದು ಬಂಪ್ ಸ್ಟಿಯರ್. ಟೈ ರಾಡ್ ಮತ್ತು ವಿಶ್‌ಬೋನ್ ಒಂದೇ ಲಯದಲ್ಲಿ ಮೇಲೆ ಕೆಳಗೆ ಆಡಬೇಕು. ಹಳೇ ಎತ್ತರದಲ್ಲಿ ಹಾಗೇ ಆಡುತ್ತಿದ್ದವು. ಈಗ ಟೈ ರಾಡ್ ಮೇಲ್ಮುಖವಾಗಿ ಓರೆಯಾಗಿದ್ದರೆ, ಚಕ್ರ ಮೇಲೇರಿದಾಗಲೆಲ್ಲ ಅದು ಚಕ್ರವನ್ನು ಎಳೆದೋ ತಳ್ಳಿಯೋ ತಿರುಗಿಸುತ್ತದೆ. ಎದುರು ನಿಂತು ನೋಡಿ, ಟೈ ರಾಡ್ ಕೆಳಗಿನ ತೋಳಿಗೆ ಹೆಚ್ಚುಕಡಿಮೆ ಸಮಾನಾಂತರ ಇದೆಯಾ? ಸರಿಯಾಗಿ ಅಳೆಯಬೇಕೆಂದರೆ ಸ್ಪ್ರಿಂಗ್ ತೆಗೆದು, ಜಾಕ್‌ನಿಂದ ಚಕ್ರವನ್ನು 10 ಮಿ.ಮೀ. ಹಂತದಲ್ಲಿ ಏರಿಸುತ್ತಾ ಪ್ರತಿ ಹಂತದಲ್ಲೂ ಟೋ ಬರೆದುಕೊಳ್ಳಬೇಕು. ಪರಿಹಾರ ಟೈ ರಾಡ್ ತುದಿಯನ್ನು ಕೆಳಗಿಳಿಸುವುದು ಅಥವಾ ಸ್ಟೀರಿಂಗ್ ರ‍್ಯಾಕನ್ನು ಎತ್ತರಿಸುವುದು. ಇದನ್ನು ಅನುಭವಸ್ಥರಿಗೆ ಬಿಡಿ. ಸ್ಟೀರಿಂಗ್ ಆರ್ಮನ್ನು ಬಿಸಿ ಮಾಡಿ ಬಗ್ಗಿಸಿಕೊಡುತ್ತೇನೆ ಅನ್ನುವವರು ಸಿಕ್ಕರೆ ನಮಸ್ಕಾರ ಹೇಳಿ ಎದ್ದು ಬನ್ನಿ.

"ಟೈರ್ ಒಳಗಡೆ ಬೋಳಾಗಿದೆ"

ಎಲ್ಲರೂ ಕ್ಯಾಂಬರ್, ಅಂದರೆ ಎದುರಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವುದು, ಅನ್ನುತ್ತಾರೆ. ಇಳಿಸಿದಾಗ ವಿಶ್‌ಬೋನ್ ಕಾರುಗಳಲ್ಲಿ ಚಕ್ರದ ತಲೆ ಒಳಕ್ಕೆ ವಾಲುವುದು ನಿಜ. ಆದರೆ ಟೈರನ್ನು ಬೇಗ ತಿನ್ನುವುದು ಟೋ. ಅಂಗೈಯನ್ನು ಟೈರಿನ ಮೇಲೆ ಅಡ್ಡಕ್ಕೆ ಸವರಿ. ಒಂದು ದಿಕ್ಕಿಗೆ ನುಣುಪು, ವಾಪಸ್ ಬರುವಾಗ ಗರಗಸದ ಹಾಗೆ ತರಚಿದರೆ ಟೋ. ಎರಡೂ ಕಡೆ ನುಣುಪಾಗಿ ಒಳ ಅಂಚು ಮಾತ್ರ ಸವೆದಿದ್ದರೆ ಕ್ಯಾಂಬರ್.

ಕ್ಯಾಂಬರ್ ಅಳೆಯಲು ಗೋಡೆ ಕಟ್ಟುವವರ ತೂಕದ ಗುಂಡು ಸಾಕು. ಚಕ್ರದ ಪಕ್ಕ ದಾರ ಇಳಿಬಿಟ್ಟು, ರಿಮ್ಮಿನ ಮೇಲಿನ ಅಂಚು ಮತ್ತು ಕೆಳಗಿನ ಅಂಚಿನಿಂದ ದಾರಕ್ಕೆ ಎಷ್ಟು ದೂರ ಅಂತ ನೋಡಿ. ಎರಡು ಅಂಚುಗಳ ನಡುವೆ 350 ಮಿ.ಮೀ. ಇದ್ದರೆ, 6 ಮಿ.ಮೀ. ವ್ಯತ್ಯಾಸ ಅಂದರೆ ಸುಮಾರು 1 ಡಿಗ್ರಿ. 1 ಡಿಗ್ರಿಯಷ್ಟು ಒಳವಾಲು ದಿನಬಳಕೆಗೆ ತೊಂದರೆಯಿಲ್ಲ. ಎರಡು ದಾಟಿದರೆ ಅಥವಾ ಎಡ ಬಲ ತುಂಬಾ ಬೇರೆ ಇದ್ದರೆ ಅಲೈನ್‌ಮೆಂಟ್ ಮಾಡಿಸಿ. ಮೂಲ ಪುಸ್ತಕದ ಟೋ ಅಳತೆಯಿಂದ ಶುರುಮಾಡಲು ಹೇಳಿ. ಎತ್ತರ ಅಂತಿಮ ಆಗುವ ಮೊದಲು ಅಲೈನ್‌ಮೆಂಟ್ ಮಾಡಿಸಿದರೆ ದುಡ್ಡು ದಂಡ.

"ತಿರುವಿನಲ್ಲಿ ಮೊದಲಿಗಿಂತ ಜಾಸ್ತಿ ವಾಲುತ್ತದೆ"

ಗಾಡಿ ತಗ್ಗಿದ ಮೇಲೆ ಕಡಿಮೆ ವಾಲಬೇಕಿತ್ತು, ಅಲ್ವಾ? ಮ್ಯಾಕ್‌ಫರ್ಸನ್ ಕಾರುಗಳಲ್ಲಿ ಹಾಗಾಗದೆ ಇರಬಹುದು. ತಿರುವಿನಲ್ಲಿ ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದಕ್ಕೆ ರೋಲ್ ಸೆಂಟರ್ ಅನ್ನುತ್ತಾರೆ. ಕೆಳಗಿನ ತೋಳು ಸಮತಟ್ಟು ದಾಟಿ ಮೇಲ್ಮುಖವಾದರೆ ಈ ಬಿಂದು ಬಾಡಿಗಿಂತ ಬೇಗ ಕೆಳಗೆ ಕುಸಿಯುತ್ತದೆ. ಬಾಡಿಯ ತೂಕದ ಕೇಂದ್ರಕ್ಕೂ ಅದಕ್ಕೂ ದೂರ ಹೆಚ್ಚಿದಷ್ಟೂ ವಾಲಿಸುವ ಬಲ ಹೆಚ್ಚು. ದಪ್ಪ ಆ್ಯಂಟಿ-ರೋಲ್ ಬಾರ್ ಹಾಕಿ ಮುಚ್ಚುವುದಕ್ಕಿಂತ, ಸ್ಟ್ರಟ್ ಬುಡಕ್ಕೂ ಸ್ಟೀರಿಂಗ್ ಆರ್ಮ್‌ಗೂ ನಡುವೆ ಆ ಮಾದರಿಗಂತಲೇ ಮಾಡಿದ ಸ್ಪೇಸರ್ ಹಾಕುವುದು ಮೇಲು. ತೋಳು ಮತ್ತೆ ಕೆಳಮುಖವಾಗುತ್ತದೆ, ಜೊತೆಗೆ ಬಂಪ್ ಸ್ಟಿಯರ್ ಕೂಡ ಸುಧಾರಿಸುತ್ತದೆ. ಉದ್ದದ, ಸರಿಯಾದ ದರ್ಜೆಯ ಬೋಲ್ಟ್ ಜೊತೆಗೇ ಬರಬೇಕು. ಕೈಗೆ ಸಿಕ್ಕಿದ ಬೋಲ್ಟ್ ಅಲ್ಲಿ ನಡೆಯುವುದಿಲ್ಲ. ಇದಕ್ಕೆ ಖರ್ಚಾಗುತ್ತದೆ. ಖರ್ಚು ಬೇಡ ಅಂದರೆ 15 ಮಿ.ಮೀ. ವಾಪಸ್ ಏರಿಸಿ ನೋಡಿ, ಎಷ್ಟೋ ಗಾಡಿಗಳು ಅಷ್ಟಕ್ಕೇ ಸುಧಾರಿಸುತ್ತವೆ.

"ರಾತ್ರಿ ದೂರದ ದಾರಿ ಕಾಣುವುದಿಲ್ಲ"

ಮೂತಿ ಇಳಿದು ಬಾಡಿ ಮುಂದಕ್ಕೆ ಬಾಗಿದ ಅದೇ 1 ಡಿಗ್ರಿ ಹೆಡ್‌ಲೈಟನ್ನೂ ಕೆಳಗೆ ಬಗ್ಗಿಸಿದೆ. 10 ಮೀಟರ್ ದೂರದ ಗೋಡೆಯ ಮೇಲೆ ಬೆಳಕು ಸುಮಾರು 20 ಸೆಂ.ಮೀ. ಕೆಳಗೆ ಬೀಳುತ್ತದೆ. ಬಲ್ಬ್ ಬದಲಿಸುವ ಅಗತ್ಯ ಇಲ್ಲ. ಎತ್ತರ ಅಂತಿಮ ಆದ ಮೇಲೆ, ಚಾಲಕನ ಜಾಗದಲ್ಲಿ ಒಬ್ಬರನ್ನು ಕೂರಿಸಿ, ಹೆಡ್‌ಲೈಟಿನ ಸುತ್ತಿನ ಬಳೆಯ ಹಿಂದಿರುವ ಹೊಂದಾಣಿಕೆ ತಿರುಪಿನಿಂದ ಬೆಳಕನ್ನು ಮತ್ತೆ ಹೊಂದಿಸಿ. ಎದುರಿನವರ ಕಣ್ಣಿಗೆ ಹೊಡೆಯುವಷ್ಟು ಮೇಲೆ ಹೋಗದಿರಲಿ.